ತೋಪಿನ ವರದಿಯಲ್ಲಿ ಬೇಸಿಗೆಯ ಹಳ್ಳ ಎಲ್ಲಿದೆ?

ದಕ್ಷಿಣ ಆಫ್ರಿಕಾದ ಎಂಪುಮಲಂಗಾ ಪ್ರಾಂತ್ಯದ ಮೊಕೊಬುಲಾನ್‌ನಲ್ಲಿ ಅಕ್ಕಪಕ್ಕ ಮೂರು ಪುಟ್ಟ ಜಲಾನಯನಗಳಿವೆ. ಮೂರೂ ಹುಲ್ಲುಗಾವಲು. 1969ರಲ್ಲಿ ಒಂದರಲ್ಲಿ ನೀಲಗಿರಿ ನೆಟ್ಟರು, 1971ರಲ್ಲಿ ಇನ್ನೊಂದರಲ್ಲಿ ಪೈನ್. ಮೂರನೆಯದನ್ನು ಹೋಲಿಕೆಗೆಂದು ಹುಲ್ಲಾಗಿಯೇ ಉಳಿಸಿಕೊಂಡರು. ನೀಲಗಿರಿಯ ಹಳ್ಳ ಒಂಬತ್ತನೇ ವರ್ಷಕ್ಕೆ ಪೂರ್ತಿ ಬತ್ತಿತು, ಪೈನಿನದು ಹನ್ನೆರಡಕ್ಕೆ. ಹದಿನಾರನೇ ವರ್ಷ ನೀಲಗಿರಿ ಕಡಿದರೂ ಹಳ್ಳಕ್ಕೆ ನೀರು ಮರಳಲು ಐದು ವರ್ಷ ಹಿಡಿಯಿತು. ಮರಗಳು ಆಯಾ ವರ್ಷದ ಮಳೆಯ ಜೊತೆಗೆ ಆಳದ ಮಣ್ಣಿನಲ್ಲಿ ಕೂಡಿದ್ದ ತೇವವನ್ನೂ ಹೀರಿಬಿಟ್ಟಿದ್ದವು. ಆ ಬಾಕಿ ತೀರುವ ತನಕ ಬಿದ್ದ ಮಳೆಯನ್ನು ಮಣ್ಣೇ ಉಳಿಸಿಕೊಂಡಿತು.

ಆದ್ದರಿಂದ ನೆಡುತೋಪಿನ ಪರಿಸರ ಪರಿಣಾಮ ವರದಿ ಕೈಗೆ ಬಂದರೆ ಮೊದಲು ನೋಡಬೇಕಾದ್ದು ಅದರ ಲೆಕ್ಕ ಎಷ್ಟನೇ ವರ್ಷಕ್ಕೆ ನಿಂತಿದೆ ಎಂಬುದನ್ನು. ಸಸಿಗೆ ಮೂರು ವರ್ಷವಾಗುವಷ್ಟರಲ್ಲಿ ಲೆಕ್ಕ ಮುಗಿಸಿದ ವರದಿಗೆ ಮೊಕೊಬುಲಾನ್‌ನ ಬತ್ತಿದ ಹಳ್ಳ ಕಾಣುವುದೇ ಇಲ್ಲ. ಕಡಿದ ಬುಡ ಚಿಗುರಿ ಬರುವ ಕೂಳೆ ಬೆಳೆಯೂ ಲೆಕ್ಕಕ್ಕೆ ಬರಬೇಕು. ಊಟಿ ಬಳಿಯ ಗ್ಲೆನ್‌ಮಾರ್ಗನ್‌ನಲ್ಲಿ ಒಂದು ಜಲಾನಯನದ 59 ಶೇಕಡಾ ಜಾಗಕ್ಕೆ 1972ರಲ್ಲಿ ನೀಲಗಿರಿ ಹಾಕಿದ್ದರು. ಮೊದಲ ಹತ್ತು ವರ್ಷದ ಸುತ್ತಿನಲ್ಲಿ ಹರಿವು ಸುಮಾರು 16 ಶೇಕಡಾ ಇಳಿಯಿತು. ಕೂಳೆಯ ಸುತ್ತಿನಲ್ಲಿ ಇಳಿಕೆ ಸುಮಾರು 25 ಶೇಕಡಾ ಆಯಿತು, ಏಕೆಂದರೆ ಕೂಳೆಗೆ ಬೇರು ಮೊದಲೇ ಸಿದ್ಧವಿರುತ್ತದೆ.

ಇವು ವಾರ್ಷಿಕ ಸರಾಸರಿಗಳು. ವರ್ಷದ ನೀರಿನ ಬಹುಪಾಲು ಮಳೆಗಾಲದ ಕೆಲವೇ ವಾರಗಳಲ್ಲಿ ಹರಿದುಹೋಗುವ ಕಡೆ ಏಪ್ರಿಲ್‌ನ ಹಳ್ಳ ಪೂರಾ ಒಣಗಿದರೂ ವಾರ್ಷಿಕ ಮೊತ್ತ ಅಷ್ಟಾಗಿ ಅಲುಗುವುದಿಲ್ಲ. ತಿಂಗಳವಾರು ಹರಿವಿನ ಪಟ್ಟಿ ಇಲ್ಲದ ವರದಿಯನ್ನು ವಾಪಸ್ ಕಳಿಸುವುದೇ ಸರಿ.

ಪಟ್ಟಿ ಇದ್ದರೆ, ಅಳೆದದ್ದು ಹೇಗೆ ಎಂದು ಕೇಳಬೇಕು. ಸಣ್ಣ ಹಳ್ಳಕ್ಕೆ ಅಡ್ಡಲಾಗಿ ವಿ ಆಕಾರದಲ್ಲಿ ಕಚ್ಚು ಕೊರೆದ ತಗಡನ್ನು ನಿಲ್ಲಿಸಿ, ಹಿಂದೆ ನಿಂತ ನೀರು ಕಚ್ಚಿನ ತಳದಿಂದ ಎಷ್ಟು ಎತ್ತರವಿದೆ ಎಂದು ಓದುತ್ತಾರೆ. 90 ಡಿಗ್ರಿ ಕಚ್ಚಿನಲ್ಲಿ ಎತ್ತರ 10 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್ ಹರಿಯುತ್ತದೆ. 5 ಸೆಂಟಿಮೀಟರಿಗೆ ಬರೀ 0.77, 4ಕ್ಕೆ 0.44. ಬೇಸಿಗೆಯಲ್ಲಿ ಒಂದೇ ಸೆಂಟಿಮೀಟರ್ ತಪ್ಪಿ ಓದಿದರೆ ಹೆಚ್ಚುಕಡಿಮೆ ಅರ್ಧ ಹಳ್ಳವೇ ಲೆಕ್ಕ ತಪ್ಪುತ್ತದೆ. ತಗಡಿನ ಹಿಂದೆ ಹೂಳು ತುಂಬಿದ್ದರೆ, ಕಚ್ಚಿಗೆ ಎಲೆ ಸಿಕ್ಕಿಕೊಂಡಿದ್ದರೆ, ತಗಡಿನ ಅಡಿಯಲ್ಲಿ ನೀರು ಸೋರುತ್ತಿದ್ದರೆ ಆ ಅಂಕಿಗಳನ್ನು ನಂಬುವಂತಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ‘ಗಮನಾರ್ಹ ಪರಿಣಾಮವಿಲ್ಲ’ ಎಂಬ ಸಾಲು. 1982ರಲ್ಲಿ ಬಾಶ್ ಮತ್ತು ಹ್ಯೂಲೆಟ್ ಎಂಬ ವಿಜ್ಞಾನಿಗಳು 94 ಜಲಾನಯನ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಪೈನ್, ನೀಲಗಿರಿಯ ಹೊದಿಕೆ 10 ಶೇಕಡಾ ಹೆಚ್ಚಿದರೆ ವರ್ಷದ ಹರಿವು (ಮಳೆಯಂತೆ ಇಡೀ ಜಲಾನಯನದ ಮೇಲೆ ಹರಡಿ ಅಳೆದರೆ) ಸರಾಸರಿ 40 ಮಿಲಿಮೀಟರ್ ಇಳಿಯುತ್ತದೆ, ಆದರೆ ಹೊದಿಕೆಯಲ್ಲಿ 20 ಶೇಕಡಾಕ್ಕಿಂತ ಕಡಿಮೆ ಬದಲಾವಣೆಯಾದರೆ ಅದು ಹರಿವಿನ ಅಳತೆಯಲ್ಲಿ ಗುರುತಿಗೆ ಸಿಗುವುದಿಲ್ಲ ಎಂದರು. ಹೀಗಾಗಿ 15 ಶೇಕಡಾ ಜಾಗದ ತೋಪು ತನ್ನಷ್ಟಕ್ಕೆ ನಿರಪಾಯ ಎನಿಸುತ್ತದೆ. ಅಂಥವು ನಾಲ್ಕು ಬಂದರೆ ಜಲಾನಯನದ 60 ಶೇಕಡಾ ಮುಗಿಯಿತು. ಅದೇ ಹಳ್ಳದ ಮೇಲೆ ಈಗಾಗಲೇ ಎಷ್ಟು ತೋಪು ಇವೆ ಎಂಬ ನಕ್ಷೆ ವರದಿಯಲ್ಲಿ ಇರಲೇಬೇಕು.

ಮಣ್ಣಿನ ಆಳವೂ ಬೇಕು. ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕದಲ್ಲೇ ಅಳೆದು ನೋಡಿದ್ದಾರೆ. ಸುಮಾರು ಮೂರು ಮೀಟರ್ ಮಣ್ಣಿದ್ದ ಕಡೆ ನೀಲಗಿರಿ ಬಳಸಿದ ನೀರು ಸ್ಥಳೀಯ ಕುರುಚಲು ಕಾಡು ಬಳಸಿದಷ್ಟೇ ಇತ್ತು, ರಾಗಿ ಹೊಲದ ಸುಮಾರು ಎರಡರಷ್ಟು. ಮಣ್ಣು ಎಂಟು ಮೀಟರ್ ಆಳವಿದ್ದ ಹೊಸಕೋಟೆಯಲ್ಲಿ ನೀಲಗಿರಿ ಬಳಸಿದ ನೀರು ಬಿದ್ದ ಮಳೆಯನ್ನೂ ಮೀರಿತು. ಒಂದೂರಿನ ಅಂಕಿಯನ್ನು ಇನ್ನೊಂದೂರಿನ ವರದಿಗೆ ಎತ್ತಿ ಅಂಟಿಸಬಾರದೆಂಬುದು ಇದಕ್ಕೇ.

ದಕ್ಷಿಣ ಆಫ್ರಿಕಾದಲ್ಲಿ 1972ರಿಂದ ತೋಪು ಹಾಕಲು ಪರವಾನಗಿ ಬೇಕು. 1998ರ ಜಲ ಕಾಯ್ದೆ ವಾಣಿಜ್ಯ ತೋಪನ್ನು ‘ಹರಿವು ತಗ್ಗಿಸುವ ಚಟುವಟಿಕೆ’ ಎಂದೇ ಹೆಸರಿಸಿ ನೀರಿನ ಬಳಕೆದಾರರ ಸಾಲಿಗೆ ಸೇರಿಸಿತು. ನಮ್ಮ 2006ರ ಪರಿಸರ ಪರಿಣಾಮ ಅಧಿಸೂಚನೆಯ ಅನುಬಂಧದಲ್ಲಿ, ಅಂದರೆ ಮೊದಲೇ ಅನುಮತಿ ಪಡೆಯಬೇಕಾದ ಯೋಜನೆಗಳ ಪಟ್ಟಿಯಲ್ಲಿ, ನೆಡುತೋಪಿಗೆ ಜಾಗವೇ ಇಲ್ಲ. ಹಾಗಾಗಿ ಇಲ್ಲಿ ಮೊದಲ ಅಳತೆ ಊರಿನವರಿಂದಲೇ ಆಗಬೇಕಾಗಬಹುದು. ಹಳ್ಳಕ್ಕೆ ಮಣ್ಣಿನ ಅಡ್ಡಕಟ್ಟು ಕಟ್ಟಿ, ಪೂರ್ತಿ ನೀರು ಒಂದು ಪೈಪಿನಲ್ಲೇ ಬೀಳುವಂತೆ ಮಾಡಿ, 15 ಲೀಟರಿನ ಬಕೆಟ್ ಹಿಡಿಯಿರಿ. ತುಂಬಲು 20 ಸೆಕೆಂಡ್ ಬೇಕಾದರೆ ಹರಿವು ಸೆಕೆಂಡಿಗೆ 0.75 ಲೀಟರ್. ಮಾರ್ಚಿಯಿಂದ ಮೇ ತನಕ ವಾರಕ್ಕೊಮ್ಮೆ, ಅದೇ ಜಾಗದಲ್ಲಿ, ಮೂರು ಸಲ ಹಿಡಿದು ಸರಾಸರಿ ತೆಗೆದು ದಿನಾಂಕ ಹಾಕಿ ಬರೆದಿಡಿ. ತೋಪು ಬಾರದ ಪಕ್ಕದ ಹಳ್ಳದಲ್ಲೂ ಅದೇ ದಿನ ಅಳೆಯಿರಿ, ಗುಂಡಿ ತೋಡುವ ಮೊದಲೇ.