ಜಿಡಿಪಿ 8.4, ಜಿವಿಎ 6.5: ನಡುವೆ ಕೂತಿರುವ ಯೂರಿಯಾ ಚೀಲ

ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಪಿಡಿಒ ಅಂತ ಓದಲು ಕೂತವರಿಗೆಲ್ಲ ಜಿಡಿಪಿ ವ್ಯಾಖ್ಯೆ ಬಾಯಿಪಾಠ. ಚಾಲ್ತಿ ಬೆಲೆ (ಆಯಾ ವರ್ಷದ ಬೆಲೆ), ಸ್ಥಿರ ಬೆಲೆಯ (ಒಂದು ಆಧಾರ ವರ್ಷದ ಬೆಲೆ) ವ್ಯತ್ಯಾಸವೂ ಗೊತ್ತಿರುತ್ತೆ. ಅದನ್ನೆಲ್ಲ ಬಿಡುತ್ತೇನೆ. ಇಲ್ಲಿ ಬರುವ ಸರ್ಕಾರಿ ಅಂಕಿಗಳೆಲ್ಲ 2011-12 ಆಧಾರ ವರ್ಷದ ಸರಣಿಯವು, ಅಷ್ಟು ನೆನಪಿರಲಿ.

ನಾನು ಸಿಕ್ಕಿಹಾಕಿಕೊಂಡಿದ್ದು ಈ ಒಂದು ಸಾಲಿನಲ್ಲಿ (ಜಿವಿಎ ಅಂದರೆ ಒಟ್ಟು ಮೌಲ್ಯವರ್ಧನೆ, ಕೈಗೆ ಬಂದ ಬೆಲೆಯಲ್ಲಿ ಕೊಂಡ ಸಾಮಗ್ರಿಯ ಖರ್ಚು ಕಳೆದು ಉಳಿದದ್ದು):

ಜಿಡಿಪಿ = ಜಿವಿಎ + ಉತ್ಪನ್ನದ ಮೇಲಿನ ತೆರಿಗೆ − ಉತ್ಪನ್ನದ ಮೇಲಿನ ಸಬ್ಸಿಡಿ

2023-24ರ ಮೂರನೇ ತ್ರೈಮಾಸಿಕದ ಅಂಕಿ ಮೊದಲು ಹೊರಬಿದ್ದಾಗ ಜಿಡಿಪಿ ಬೆಳವಣಿಗೆ 8.4%, ಜಿವಿಎ ಬೆಳವಣಿಗೆ 6.5%. ಅದೇ ದೇಶ, ಅದೇ ಮೂರು ತಿಂಗಳು. ಸುಮಾರು 2 ಅಂಕದ ಅಂತರ ಎಲ್ಲಿಂದ ಬಂತು? ಸಬ್ಸಿಡಿ, ಅದರಲ್ಲೂ ಗೊಬ್ಬರದ ಸಬ್ಸಿಡಿ ಇಳಿದಿದ್ದು ದೊಡ್ಡ ಕಾರಣ ಅಂತ ಎಲ್ಲರೂ ಬರೆದರು. ಹಾವೇರಿ ಕಡೆಯ ನನ್ನ ರೂಮ್‌ಮೇಟ್ ಕೇಳಿದ ಪ್ರಶ್ನೆ ಮಾತ್ರ ಯಾವ ನೋಟ್ಸಿನಲ್ಲೂ ಇರಲಿಲ್ಲ: "ಸಬ್ಸಿಡಿ ಇಳಿದ್ರ ರೈತಗ ತ್ರಾಸ. ಮತ್ತ ಜಿಡಿಪಿ ಹೆಂಗ ಏರ್ತದಲೇ?"

ಮೊದಲು ಸೂತ್ರ. ಜಿವಿಎ ಲೆಕ್ಕ ಹಾಕುವುದು ಉತ್ಪಾದಕನ ಕೈಗೆ ಬರುವ ಬೆಲೆಯಲ್ಲಿ. ಜಿಡಿಪಿ ಲೆಕ್ಕ ಹಾಕುವುದು ಕೊಳ್ಳುವವನು ಕೊಡುವ ಬೆಲೆಯಲ್ಲಿ. ಜಿಎಸ್‌ಟಿಯನ್ನು ಗಿರಾಕಿ ಕೊಡುತ್ತಾನೆ, ಅದು ಕಾರ್ಖಾನೆಯ ಕೈಗೆ ಉಳಿಯುವುದಿಲ್ಲ. ಹಾಗಾಗಿ ಕೂಡಿಸಬೇಕು. ಸಬ್ಸಿಡಿ ಕಾರ್ಖಾನೆಗೆ ಸಿಗುತ್ತದೆ, ಗಿರಾಕಿ ಅದನ್ನು ಕೊಟ್ಟಿಲ್ಲ. ಹಾಗಾಗಿ ಕಳೆಯಬೇಕು. ಇಲ್ಲಿಯವರೆಗೆ ಸರಳ.

ಈಗ ಚೀಲ. 45 ಕೆಜಿ ಯೂರಿಯಾಕ್ಕೆ ರೈತ ಕೊಡುವುದು ₹266.50. ತಯಾರಿಕೆಯ ಖರ್ಚು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಉಳಿದಿದ್ದನ್ನು ಕೇಂದ್ರ ಸರ್ಕಾರ ತುಂಬುತ್ತದೆ. ಖರ್ಚಿನಲ್ಲಿ ದೊಡ್ಡ ಪಾಲು ನೈಸರ್ಗಿಕ ಅನಿಲದ್ದು, ಅದರಲ್ಲಿ ಬಹಳಷ್ಟು ಹೊರದೇಶದಿಂದ ಬರುತ್ತದೆ. ಲೆಕ್ಕ ಸುಲಭ ಆಗಲಿ ಅಂತ ದುಂಡು ಸಂಖ್ಯೆ ತಗೊಳ್ಳೋಣ (ಇವು ಕಲ್ಪಿತ).

ಮೊದಲ ವರ್ಷ: ರೈತ ₹300 ಕೊಟ್ಟ, ಸರ್ಕಾರ ₹1,700 ಕೊಟ್ಟಿತು. ಕಾರ್ಖಾನೆಗೆ ಬಂದಿದ್ದು ₹2,000. ಆಮದು ಅನಿಲಕ್ಕೆ ₹1,500 ಹೋಯಿತು. ಕಾರ್ಖಾನೆಯ ಜಿವಿಎ ₹500. ಆ ಚೀಲ ಹಾಕಿ ಬೆಳೆದ ಗೋವಿನಜೋಳವನ್ನು ರೈತ ₹5,000ಕ್ಕೆ ಮಾರಿದ. ಗೊಬ್ಬರದ ₹300 ಕಳೆದರೆ ಅವನ ಜಿವಿಎ ₹4,700. ಒಟ್ಟು ಜಿವಿಎ ₹5,200. ಸಬ್ಸಿಡಿ ₹1,700 ಕಳೆಯಿರಿ: ಜಿಡಿಪಿ ₹3,500.

ಎರಡನೇ ವರ್ಷ: ಜಗತ್ತಿನ ಮಾರುಕಟ್ಟೆಯಲ್ಲಿ ಅನಿಲ ಅಗ್ಗವಾಯಿತು, ₹1,500 ಇದ್ದದ್ದು ₹1,000. ಸರ್ಕಾರವೂ ಸಬ್ಸಿಡಿಯನ್ನು ₹1,200ಕ್ಕೆ ಇಳಿಸಿತು. ರೈತ ಅದೇ ₹300 ಕೊಟ್ಟ. ಕಾರ್ಖಾನೆಗೆ ₹1,500 ಬಂತು, ₹1,000 ಹೋಯಿತು, ಜಿವಿಎ ಮತ್ತೆ ₹500. ರೈತನದು ಮತ್ತೆ ₹4,700. ಒಟ್ಟು ಜಿವಿಎ ಅದೇ ₹5,200, ಬೆಳವಣಿಗೆ ಸೊನ್ನೆ. ಆದರೆ ಜಿಡಿಪಿ 5,200 − 1,200, ಅಂದರೆ ₹4,000. ಏರಿಕೆ ಸುಮಾರು 14%!

ನಂಬಿಕೆ ಬರದಿದ್ದರೆ ವೆಚ್ಚದ ದಾರಿಯಿಂದ, ಅಂದರೆ ಕೊನೆಯ ಸರಕಿಗೆ ಕೊಟ್ಟ ದುಡ್ಡಿನಲ್ಲಿ ಆಮದು ಕಳೆದು, ತಾಳೆ ನೋಡಿ. ಜೋಳದ ₹5,000ದಲ್ಲಿ ಆಮದಿನ ₹1,500 ಕಳೆದರೆ ₹3,500. ಮರುವರ್ಷ ₹1,000 ಕಳೆದರೆ ₹4,000. ಎರಡೂ ದಾರಿ ಒಂದೇ ಕಡೆ ಬಂದು ಸೇರಿದವು. ಅಂದರೆ ಇಲ್ಲಿ ಜಿಡಿಪಿ ಏರಿಸಿದ್ದು ರೈತನ ಜೇಬಿನಿಂದ ಕಿತ್ತ ದುಡ್ಡಲ್ಲ, ಹೊರದೇಶಕ್ಕೆ ಹೋಗದೆ ಉಳಿದ ದುಡ್ಡು. ರೂಮ್‌ಮೇಟ್‌ನ ಪ್ರಶ್ನೆಗೆ ಉತ್ತರ ಇದೇ. ಸರ್ಕಾರ ಸಬ್ಸಿಡಿ ಇಳಿಸಿ ಚೀಲದ ಬೆಲೆ ಏರಿಸಿದ್ದರೆ ಕಥೆ ಬೇರೆ. ಆಗ ರೈತನ ಜಿವಿಎ ಇಳಿಯುತ್ತಿತ್ತು.

ಇದು ಚಾಲ್ತಿ ಬೆಲೆಯ ಲೆಕ್ಕ. ಸ್ಥಿರ ಬೆಲೆಗೆ ತರಲು ಇನ್ನೊಂದು ಹಂತ ಬೇಕು, ಆದರೆ ಅಂತರ ಯಾವ ಬಾಗಿಲಿನಿಂದ ಒಳಗೆ ಬಂತು ಅನ್ನೋದು ಇಷ್ಟರಲ್ಲೇ ಕಾಣುತ್ತದೆ. 2022-23ರಲ್ಲಿ ಉಕ್ರೇನ್ ಯುದ್ಧದ ಬಿಸಿಗೆ ಗೊಬ್ಬರದ ಸಬ್ಸಿಡಿ ಸುಮಾರು 2.5 ಲಕ್ಷ ಕೋಟಿ ರೂಪಾಯಿಗೆ ಹೋಗಿತ್ತು. ಮರುವರ್ಷ 2 ಲಕ್ಷ ಕೋಟಿಗಿಂತ ಕೆಳಗೆ ಬಂತು. ಹೊಲದಲ್ಲಿ, ಕಾರ್ಖಾನೆಯಲ್ಲಿ ಏನಾಗುತ್ತಿದೆ ಅಂತ ತಿಳಿಯಬೇಕಾದರೆ ನಾನು ಮೊದಲು ಜಿವಿಎ ನೋಡುತ್ತೇನೆ. ಅದು ವಲಯವಾರು ಬಿಡಿಬಿಡಿಯಾಗಿಯೂ ಸಿಗುತ್ತದೆ.

ಪರೀಕ್ಷೆಗೆ ಒಂದು ಸಣ್ಣ ಸಂಗತಿ: ಜಿಎಸ್‌ಟಿ, ಅಬಕಾರಿ, ಆಮದು ಸುಂಕ ಉತ್ಪನ್ನದ ಮೇಲಿನ ತೆರಿಗೆಗಳು. ಭೂಕಂದಾಯ, ವೃತ್ತಿ ತೆರಿಗೆ ಉತ್ಪಾದನೆಯ ಮೇಲಿನವು, ಅಂದರೆ ಎಷ್ಟು ಸರಕು ಮಾರಿದರು ಅನ್ನೋದರ ಮೇಲೆ ಬೀಳುವಂಥವಲ್ಲ. ಮೂಲ ಬೆಲೆಯ (ಮೇಲೆ ಹೇಳಿದ, ಉತ್ಪಾದಕನ ಕೈಗೆ ಬರುವ ಬೆಲೆಯ) ಜಿವಿಎಯಲ್ಲಿ ಅವು ಆಗಲೇ ಸೇರಿರುತ್ತವೆ, ಮತ್ತೆ ಕೂಡಿಸಬೇಡಿ.

ಆಧಾರ ಪರಿಣಾಮ, ಅಂದರೆ ಹಿಂದಿನ ವರ್ಷದ ಅಂಕಿ ತೀರ ಕೆಳಗಿದ್ದರೆ ಈ ವರ್ಷದ ಏರಿಕೆ ದೊಡ್ಡದಾಗಿ ಕಾಣುವುದು, ಬೇಗ ಮುಗಿಸುತ್ತೇನೆ. 2019-20ರ ಮೊದಲ ತ್ರೈಮಾಸಿಕದಲ್ಲಿ ಜಿಡಿಪಿ 35.66 ಲಕ್ಷ ಕೋಟಿ. ಲಾಕ್‌ಡೌನ್‌ನಲ್ಲಿ 26.95, ಅಂದರೆ 24.4% ಕುಸಿತ. ಮರುವರ್ಷ 32.38, ಅಂದರೆ 20.1% ಏರಿಕೆ. ಪತ್ರಿಕೆಯ ತಲೆಬರಹದಲ್ಲಿ 20.1 ಮಿಂಚಿತು. ಆದರೂ ಎರಡು ವರ್ಷದ ಹಿಂದಿನದಕ್ಕಿಂತ 9% ಕಡಿಮೆಯೇ ಅಲ್ವಾ?

ಕೊನೆಗೆ, ಯಾವ ಅಂದಾಜು ಅಂತ ನೋಡದೆ ಅಂಕಿ ಬರೆದುಕೊಳ್ಳಬೇಡಿ. 2023-24ರ ಬೆಳವಣಿಗೆ ಜನವರಿ 2024ರ ಮೊದಲ ಮುಂಗಡ ಅಂದಾಜಿನಲ್ಲಿ 7.3%. ಫೆಬ್ರವರಿಯ ಎರಡನೆಯದರಲ್ಲಿ 7.6%. ಮೇ ತಿಂಗಳ ತಾತ್ಕಾಲಿಕ ಅಂದಾಜಿನಲ್ಲಿ 8.2%. ಫೆಬ್ರವರಿ 2025ರ ಪರಿಷ್ಕರಣೆಯಲ್ಲಿ 9.2%. ಪ್ರಶ್ನೆಪತ್ರಿಕೆಯಲ್ಲಿ 8.2, 9.2 ಎರಡೂ ಆಯ್ಕೆಗಳಾಗಿ ಬಂದರೆ ಪ್ರಶ್ನೆಯಲ್ಲಿ "ತಾತ್ಕಾಲಿಕ" ಅಂತ ಇದೆಯಾ ಹುಡುಕಿ, ಆಮೇಲೆ ಗುರುತು ಹಾಕಿ.