ತಾಬೋ ಮಠವನ್ನು ಅಷ್ಟು ದೂರದ ಮೂಲೆಯಲ್ಲಿ ಯಾಕೆ ಕಟ್ಟಿದರು?

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆ ಕಡೆ ಹೋಗಿಬಂದ ಬಹಳ ಜನ ಕೇಳುವ ಪ್ರಶ್ನೆ ಇದು. ಬೋಳು ಬೆಟ್ಟಗಳ ನಡುವೆ, 3,000 ಮೀಟರಿಗಿಂತ ಎತ್ತರದಲ್ಲಿ, ಚಳಿಗಾಲದಲ್ಲಿ ಹಿಮ ಬಿದ್ದರೆ ದಾರಿಯೇ ಕಟ್ಟಿಹೋಗುವ ಜಾಗದಲ್ಲಿ ಅಂಥ ಬೌದ್ಧ ಮಠ ಯಾಕೆ? ಜನರಿಂದ ದೂರ ಕೂತು ಧ್ಯಾನ ಮಾಡೋಕಾ?

ನನ್ನ ಉತ್ತರ ನೇರವಾಗಿದೆ: ಕಟ್ಟಿದಾಗ ತಾಬೋ ಮೂಲೆಯಲ್ಲಿ ಇರಲೇ ಇಲ್ಲ.

ನಾವು ನಕ್ಷೆಯನ್ನು ಶಿಮ್ಲಾ ಕಡೆಯಿಂದ ನೋಡುತ್ತೇವೆ, ಅದಕ್ಕೇ ಅದು ದೂರ ಅನ್ನಿಸುತ್ತದೆ. 996ರಲ್ಲಿ ಅದನ್ನು ಕಟ್ಟಿಸಿದವನು ಪಶ್ಚಿಮ ಟಿಬೆಟ್‌ನ ಗುಗೆ ರಾಜ್ಯದ ಯೇಶೆ ಓ. ಪಟ್ಟ ಬಿಟ್ಟು ಸನ್ಯಾಸಿಯಾದ ರಾಜ. ಅವನ ಮುಖ್ಯ ಮಠ ತೋಲಿಂಗ್ ಇದ್ದದ್ದು ಸಟ್ಲೆಜ್ ನದಿಯ ಕಣಿವೆಯಲ್ಲಿ. ಅದೇ ನದಿ ಹಿಡಿದು ಕೆಳಗೆ ಬಂದರೆ ಖಾಬ್ ಹತ್ತಿರ ಸ್ಪಿತಿ ನದಿ ಸೇರುತ್ತದೆ, ಅಲ್ಲಿಂದ ಸ್ಪಿತಿ ದಂಡೆ ಹಿಡಿದು ಮೇಲೆ ಹೋದರೆ ತಾಬೋ. ವ್ಯಾಪಾರಿಗಳು, ಭಿಕ್ಷುಗಳು, ಕುಶಲಕರ್ಮಿಗಳು ಓಡಾಡುತ್ತಿದ್ದ ದಾರಿ ಅದು. ಯೇಶೆ ಓ ಕಾಲದ ದೊಡ್ಡ ಪಂಡಿತ ರಿಂಚೆನ್ ಝಂಗ್ಪೋ ಕಾಶ್ಮೀರಕ್ಕೆ ಹೋಗಿ ಸಂಸ್ಕೃತ ಕಲಿತು, ಗ್ರಂಥಗಳನ್ನು ಟಿಬೆಟನ್ನಿಗೆ ತಂದ. ಟಿಬೆಟ್ ಸಾಮ್ರಾಜ್ಯ ಒಡೆದುಹೋದ ಮೇಲೆ ಸೊರಗಿದ್ದ ಬೌದ್ಧ ಧರ್ಮವನ್ನು ಮತ್ತೆ ನಿಲ್ಲಿಸಬೇಕು ಅನ್ನೋದು ಅವರ ಹಟ. ಅಂಥ ಕೆಲಸಕ್ಕೆ ಜನ ಓಡಾಡುವ ದಾರಿಯೇ ಬೇಕು, ಅಲ್ವಾ?

ಇದೆಲ್ಲ ಬರೀ ಐತಿಹ್ಯ ಅಂದುಕೊಳ್ಳಬೇಡಿ. ಮುಖ್ಯ ಗುಡಿಯ ಗೋಡೆಯ ಮೇಲೇ ಶಾಯಿಯಲ್ಲಿ ಬರೆದ ಶಾಸನವಿದೆ. ಟಿಬೆಟನ್ ಪಂಚಾಂಗದ ಕೋತಿ ವರ್ಷದಲ್ಲಿ ಕಟ್ಟಿದ್ದು, 46 ವರ್ಷಗಳ ನಂತರ ಅದೇ ವಂಶದ ಜಂಗ್‌ಚುಬ್ ಓ ಜೀರ್ಣೋದ್ಧಾರ ಮಾಡಿಸಿದ್ದು ಎಂದು ಅದು ಹೇಳುತ್ತದೆ. ಅಂದರೆ 1042. ಒಳಗಿನ ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ನಡುಮಟ್ಟದಲ್ಲಿ, ನೆಲ ಮುಟ್ಟದೆ, ಸುತ್ತಲೂ ಕೂತ 32 ಮಣ್ಣಿನ ಮೂರ್ತಿಗಳು ಒಂದೊಂದಾಗಿ ಕಾಣುತ್ತವೆ, ನಡುವೆ ನಾಲ್ಕು ದಿಕ್ಕಿಗೂ ಮುಖ ಮಾಡಿದ ವೈರೋಚನ ಬುದ್ಧ. ಇಡೀ ಗುಡಿಯೇ ಒಂದು ಮಂಡಲ, ಅಂದರೆ ನಡುವಿನ ಬುದ್ಧನ ಸುತ್ತ ದೇವತೆಗಳನ್ನು ಕೂರಿಸಿದ ಪವಿತ್ರ ನಕ್ಷೆ, ನಾವು ಅದರೊಳಗೆ ನಡೆಯುತ್ತೇವೆ. ಕೆಳಗಿನ ಗೋಡೆಯಲ್ಲಿ ಬುದ್ಧನ ಬದುಕು, ಗುರುವನ್ನು ಹುಡುಕುತ್ತಾ ಅಲೆಯುವ ಸುಧನನ ಕಥೆ. ಸುಮ್ನೆ ಕಾಡಿಗೆ ಹೋಗಿ ಕೂರುವವರು ಇಷ್ಟು ಮಾಡಿಸುವುದಿಲ್ಲ.

ಹಾಗಾದರೆ ದೂರ ಆಗಿದ್ದು ಯಾವಾಗ? ನಿಧಾನಕ್ಕೆ. 1630ರಲ್ಲಿ ಲಡಾಖ್ ಸೇನೆಯ ಕೈಯಲ್ಲಿ ಗುಗೆ ಬಿತ್ತು. 1846ರಲ್ಲಿ ಸ್ಪಿತಿ ಬ್ರಿಟಿಷರಿಗೆ ಹೋಯಿತು. ದೊಡ್ಡ ಪೆಟ್ಟು ಬಿದ್ದಿದ್ದು 1962ರಲ್ಲಿ. ಯುದ್ಧದ ನಂತರ ಗಡಿ ಮುಚ್ಚಿ, ಸಾವಿರ ವರ್ಷ ಮಠಕ್ಕೆ ಜೀವ ಕೊಟ್ಟ ಬಾಗಿಲೇ ಗೋಡೆಯಾಯಿತು. ತೋಲಿಂಗ್ ಈಗ ಚೀನಾದ ಹಿಡಿತದಲ್ಲಿದೆ. ತಾಬೋದಿಂದ ಅಲ್ಲಿಗೆ ಯಾರೂ ನಡೆದು ಹೋಗುವಂತಿಲ್ಲ. ನನಗೆ ತುಂಬಾ ನೋವು ಕೊಡುವ ವಿಷಯ ಇದು.

ಈಗ ಕಲಿಕೆಯ ದಾರಿ ದಕ್ಷಿಣಕ್ಕೆ ತಿರುಗಿದೆ. ಹಿಮಾಲಯದ ಹಳ್ಳಿಗಳ ಎಷ್ಟೋ ಹುಡುಗರು ಭಿಕ್ಷುಗಳಾಗಿ ಓದಲು ನಮ್ಮ ಮುಂಡಗೋಡ, ಬೈಲಕುಪ್ಪೆಗೆ ಬರುತ್ತಾರೆ.

ಇನ್ನೊಂದು ಮಾತು. ಮಠ ಮಣ್ಣಿನದು, ಮಳೆ ಕಡಿಮೆ ಇದ್ದದ್ದಕ್ಕೇ ಉಳಿದಿದೆ. 1975ರ ಭೂಕಂಪಕ್ಕೆ ಜಖಂ ಆಗಿತ್ತು. ಹೋಗುವವರು ಟಾರ್ಚ್ ಇಟ್ಟುಕೊಳ್ಳಿ, ಒಳಗೆ ಫೋಟೋ ತೆಗೆಯಬೇಡಿ, ಗೋಡೆ ಮುಟ್ಟಬೇಡಿ.