ಉಷಾ: ಬೆಳಕಿನ ಹೆಸರು, ಬಿಸಿಯದಲ್ಲ

ಉಷಾ ಎಂದರೆ ನಸುಕು, ಸೂರ್ಯ ಹುಟ್ಟುವ ಮುಂಚೆ ಮೂಡಣ ಕೆಂಪೇರುವ ಹೊತ್ತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಹಲವರು ಈ ಹೆಸರನ್ನು ‘ಉಷ್ಣ’ಕ್ಕೆ ಗಂಟುಹಾಕುತ್ತಾರೆ. ಕೇಳುವುದಕ್ಕೆ ಸರಿ ಎನಿಸಿದರೂ ಎರಡರ ಬೇರುಗಳು ಬೇರೆ.

ಉಷ್ಣದ ಧಾತು ‘ಉಷ್’, ಅಂದರೆ ಸುಡು. ಉಷಸ್ಸಿನದು ‘ವಸ್’, ಅಂದರೆ ಬೆಳಗು. ಸೂರ್ಯನಿಗಿರುವ ವಿವಸ್ವಾನ್ ಎಂಬ ಹೆಸರಿನಲ್ಲಿ ಈ ‘ವಸ್’ ಹಾಗೇ ಉಳಿದಿದೆ. ವಚನ, ಉಕ್ತಿ, ಸ್ವಪ್ನ, ಸುಪ್ತ: ಈ ಜೋಡಿಗಳಲ್ಲಿ ‘ವ’ ಕುಗ್ಗಿ ‘ಉ’ ಆಗಿದೆಯಲ್ಲ, ‘ವಸ್’ ಕೂಡ ಹಾಗೆಯೇ ‘ಉಸ್’ ಆಯಿತು.

ಸರಿ, ‘ಸ’ ಯಾಕೆ ‘ಷ’ ಆಯಿತು? ಸಂಸ್ಕೃತದಲ್ಲಿ ಇ, ಉ ಸ್ವರಗಳ ಹಿಂದೆಯೇ ಬರುವ ‘ಸ’ಕಾರ ಎಷ್ಟೋ ಕಡೆ ನಾಲಿಗೆಯನ್ನು ಮೇಲಕ್ಕೆ ಮಡಿಸಿ ‘ಷ’ ಆಗುತ್ತದೆ. ಅಭಿ ಮತ್ತು ಸೇಕ ಸೇರಿ ಅಭಿಷೇಕ, ವಿ ಮತ್ತು ಸಮ ಸೇರಿ ವಿಷಮ. ಹಾಗಾಗಿ ‘ಉಶಾ’ ಎಂದು ಬರೆದರೆ ತಪ್ಪುವುದು ಒಂದು ಅಕ್ಷರ ಮಾತ್ರವಲ್ಲ, ಪದ ಹುಟ್ಟಿದ ದಾರಿಯೇ ಅಳಿಸಿಹೋಗುತ್ತದೆ.

ಉಷಸ್ಸೂ ಉಷ್ಣವೂ ಬೇರೆ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಸುಡುತ್ತೇನೆ’ ಎನ್ನುವುದಕ್ಕೆ ಊರೋ, ಬೆಳಗಿನ ದೇವತೆಗೆ ಔರೋರ. ಸಂಸ್ಕೃತದಲ್ಲಿ ಒಂದೇ ರೂಪಕ್ಕೆ ಬಂದು ನಿಂತ ಎರಡು ಬೇರುಗಳು ಅಲ್ಲಿ ಮೊದಲ ಸ್ವರದಲ್ಲೇ ಬೇರೆಯಾಗಿವೆ. ಔರೋರದ ‘ರ’ ಕೂಡ ಮೊದಲು ‘ಸ’ ಆಗಿತ್ತು. ಎರಡು ಸ್ವರಗಳ ನಡುವಿನ ‘ಸ’ ಲ್ಯಾಟಿನ್‌ನಲ್ಲಿ ‘ರ’ ಆಗುವುದು ಸಾಮಾನ್ಯ. ಗ್ರೀಕಿನಲ್ಲಿ ಅದು ಪೂರ್ತಿ ಬಿದ್ದುಹೋಗಿ ‘ಏಓಸ್’ ಉಳಿಯಿತು. ಲಿಥುವೇನಿಯಾದ ಹೆಣ್ಣುಮಕ್ಕಳಿಗೆ ಇಂದಿಗೂ ಇಡುವ ‘ಔಶ್ರಾ’ ಎಂಬ ಹೆಸರಿನ ಅರ್ಥವೂ ಮುಂಜಾವೇ. ಇಂಗ್ಲಿಷಿನ ‘ಈಸ್ಟ್’ ಇದೇ ಬೇರಿನದು: ಬೆಳಗಾಗುವ ದಿಕ್ಕು.

ಋಗ್ವೇದದ ಸುಮಾರು 20 ಸೂಕ್ತಗಳು ಉಷಸ್ಸಿನವು. ಅಲ್ಲಿ ಅವಳು ‘ದಿವೋ ದುಹಿತಾ’, ಆಕಾಶದ ಮಗಳು. ರಾತ್ರಿ ಅವಳ ಅಕ್ಕತಂಗಿ. ಪುರಾಣದಲ್ಲಿ ಅನಿರುದ್ಧನನ್ನು ಕನಸಿನಲ್ಲಿ ಕಂಡು ಮೋಹಿಸಿದ ಬಾಣಾಸುರನ ಮಗಳ ಹೆಸರೂ ಇದೇ.

ಕನ್ನಡಕ್ಕೆ ಈ ಪದ ಎರಡು ದಾರಿಯಲ್ಲಿ ಬಂದಿದೆ. ಮನಸ್ ಮನಸ್ಸಾದಂತೆ ಉಷಸ್ ‘ಉಷಸ್ಸು’ ಆಯಿತು. ಉಷಃಕಾಲದ ವಿಸರ್ಗ ಬಂದದ್ದೂ ಆ ಸಕಾರದಿಂದಲೇ. ಆಕಾರಾಂತ ‘ಉಷಾ’ ಮಾತ್ರ ಸೀತಾ ಸೀತೆಯಾದ ಹಾಗೆ ಕಾವ್ಯದಲ್ಲಿ ‘ಉಷೆ’ ಆಗುತ್ತದೆ. ವಿಭಕ್ತಿ ಹಚ್ಚುವಾಗ ‘ಉಷೆಗೆ’, ‘ಉಷಾಳಿಗೆ’ ಎರಡೂ ಸರಿಯೇ. ಆದರೆ ದಾಖಲೆಯಲ್ಲಿ ಉಷಾ ಎಂದಿದ್ದರೆ ಎರಡನೆಯದೇ ವಾಸಿ, ಹೆಸರಿನ ರೂಪ ಕೆಡುವುದಿಲ್ಲ.